ಹೇಮಾವತಿಯ ತವರು: ಜಾವಳಿಯ ಬೆಟ್ಟಸೀಮೆಯ ಪರಿಚಯ

ನಮ್ಮ ನಾಡಿನ ಗೃಹಸ್ಥರಲ್ಲಿ ಪ್ರವಾಸದ ಅಭಿರುಚಿಯು ದಿನೇ ದಿನೇ ಹೆಚ್ಚುತ್ತಿರುವುದು ಸಂತೋಷದ ಸಂಗತಿಯೇ ಸರಿ. ಹಿಂದೆ ಮನೆಮಂದಿಯೆಲ್ಲ ಕೂಡಿ ಹೊರಡುತ್ತಿದ್ದುದು ಕ್ಷೇತ್ರದರ್ಶನಕ್ಕೆ. ಈಗ ಬೆಟ್ಟಗಳನ್ನು ನೋಡುವುದಕ್ಕೆಂದೇ ಹೊರಡುವವರೂ ಬಹುಮಂದಿ. ಆದರೆ ಬೆಟ್ಟಕ್ಕೆ ಹೋಗಿ ಬಂದವರನ್ನು ಕೇಳಿದರೆ ದೊರೆಯುವ ಉತ್ತರವು ಸಾಮಾನ್ಯವಾಗಿ ಒಂದೇ: ತಂಪಾಗಿತ್ತು, ಹಸುರಾಗಿತ್ತು, ಮಂಜು ಕವಿದಿತ್ತು. ಆ ತಂಪಿಗೆ ಕಾರಣವೇನು, ಆ ಹಸುರು ಯಾರ ದುಡಿಮೆಯ ಫಲ, ಅಲ್ಲಿ ಸುರಿದ ಮಳೆಯು ಹರಿದು ಯಾರ ಮನೆಯ ಕೊಡವನ್ನು ತುಂಬುವುದು ಎಂದು ವಿಚಾರಿಸಿದವರು ವಿರಳ. ಒಂದು ಸೀಮೆಯನ್ನು ನೋಡುವುದು ಬೇರೆ, ಅರಿಯುವುದು ಬೇರೆ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸಗಳ ಕಾಫಿಯ ಬೆಟ್ಟಸೀಮೆಯನ್ನು, ವಿಶೇಷವಾಗಿ ಜಾವಳಿಯ ಸುತ್ತಣ ಪ್ರದೇಶವನ್ನು, ಅರಿತು ನೋಡಬೇಕೆಂಬ ವಾಚಕರಿಗಾಗಿ ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಜಾವಳಿಯು ಮೂಡಿಗೆರೆ ತಾಲ್ಲೂಕಿನ ಒಂದು ಸಣ್ಣ ಊರು. ಭೂಪಟದಲ್ಲಿ ಹುಡುಕಿದರೆ ಕಷ್ಟದಿಂದ ಸಿಕ್ಕೀತು. ದೊಡ್ಡ ಪೇಟೆಯಿಲ್ಲ, ಅರಮನೆಯಿಲ್ಲ, ಹೆಸರಾಂತ ಶಿಲ್ಪವಿಲ್ಲ. ಆದರೂ ಈ ಊರಿಗೆ ಒಂದು ಹಿರಿಮೆಯುಂಟು. ಇಲ್ಲಿಯ ಗುಡಿಯೊಂದರ ಸನ್ನಿಧಿಯಲ್ಲಿ ಹುಟ್ಟುವ ಸಣ್ಣ ನೀರನ್ನು ಜನರು ಹೇಮಾವತಿಯ ಮೂಲವೆಂದು ಪೂಜಿಸುತ್ತಾರೆ. ಕೈಯಲ್ಲಿ ಮೊಗೆಯಬಹುದಾದ ಈ ನೀರು ಸುಮಾರು ೨೪೫ ಕಿಲೋಮೀಟರುಗಳ ದಾರಿಯನ್ನು ಸವೆಸಿ, ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಕೂಡುವುದು. ನಮ್ಮ ಹೆಣ್ಣುಮಕ್ಕಳಿಗೆ ತವರು ಹೇಗೋ, ಹಾಗೆಯೇ ನದಿಗೂ ಒಂದು ತವರು ಉಂಟೆಂದು ಭಾವಿಸಿದರೆ, ಜಾವಳಿಯು ಹೇಮಾವತಿಯ ತವರು.

ದಾರಿ

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು ೨೪೫ ಕಿಲೋಮೀಟರು. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲುಮಾರ್ಗವು ೨೦೧೩ರಲ್ಲಿ ತೆರೆಯಿತು. ಅಲ್ಲಿಂದ ಮುಂದೆ ಬೆಟ್ಟದೊಳಕ್ಕೆ ರಸ್ತೆಯೇ ಗತಿ. ಚಿಕ್ಕಮಗಳೂರಿನಿಂದ ಸುಮಾರು ೩೦ ಕಿಲೋಮೀಟರು ನೈಋತ್ಯಕ್ಕೆ ಹೋದರೆ ಮೂಡಿಗೆರೆ. ಅಲ್ಲಿಂದ ಬಣಕಲ್ ಮಾರ್ಗವಾಗಿ ಕೊಟ್ಟಿಗೆಹಾರ. ಕೊಟ್ಟಿಗೆಹಾರದಲ್ಲಿ ದಾರಿ ಕವಲಾಗುವುದು. ಒಂದು ಕವಲು ಚಾರ್ಮಾಡಿ ಘಟ್ಟವನ್ನಿಳಿದು ಬೆಳ್ತಂಗಡಿ, ಮಂಗಳೂರುಗಳತ್ತ ಸಾಗುವುದು; ಇನ್ನೊಂದು ಕವಲು ಬೆಟ್ಟದ ಮೇಲ್ಭಾಗದಲ್ಲಿಯೇ ಕಳಸದ ಕಡೆಗೆ ತಿರುಗುವುದು. ಜಾವಳಿ, ಸುಂಕಸಾಲೆ, ಕೆಳಗೂರು ಮೊದಲಾದ ಊರುಗಳು ಈ ಎರಡನೆಯ ಕವಲಿನ ಸೀಮೆಗೆ ಸೇರಿದವು. ಘಟ್ಟದ ಕೆಳಗಿನವರೂ ಮೇಲಿನವರೂ ಸಂಧಿಸುವ ಕೊಟ್ಟಿಗೆಹಾರದಲ್ಲಿ ತುಳುನಾಡಿನ ನೀರುದೋಸೆಯು ಹೆಸರುವಾಸಿಯಾಗಿದೆ. ದಾರಿಹೋಕರು ಅಲ್ಲಿ ಇಳಿದು, ದೋಸೆ ತಿಂದು, ಬಿಸಿ ಕಾಫಿ ಕುಡಿದು ಮುಂದುವರಿಯುವುದು ವಾಡಿಕೆ.

ಚಿಕ್ಕಮಗಳೂರನ್ನು ಬಿಟ್ಟು ಅರ್ಧ ಗಂಟೆಯಾಗುವುದರೊಳಗೆ ನೆಲದ ಬಣ್ಣವೇ ಬೇರೆಯಾಗುವುದನ್ನು ಪ್ರವಾಸಿಯು ಗಮನಿಸಬೇಕು. ಹಿಂದೆ ಉಳಿದ ಕಡೂರಿನ ಕಡೆಯ ಬಯಲಿನಲ್ಲಿ ರಾಗಿ, ತೆಂಗು, ಜಾಲಿಮರಗಳು. ಮುಂದೆ, ದಾರಿಯ ಎರಡು ಪಕ್ಕಗಳಲ್ಲಿಯೂ ಎತ್ತರದ ಮರಗಳು, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳು, ಕೆಳಗೆ ಮಿರುಗುವ ಎಲೆಯ ಕಾಫಿ ಗಿಡಗಳು. ಒಂದೇ ಜಿಲ್ಲೆಯಲ್ಲಿ ಬಯಲುಸೀಮೆಯೂ ಮಲೆನಾಡೂ ಹೀಗೆ ಬೆನ್ನಿಗೆ ಬೆನ್ನು ತಾಗಿಸಿ ಕುಳಿತಿರುವುದು ವಿಶೇಷ. ೧೯೪೭ರ ವರೆಗೂ ಈ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿದ್ದಿತು.

ಮೂರು ನೀರುಗಳ ಏಣು

ಈ ಸೀಮೆಯ ಪಶ್ಚಿಮದ ಅಂಚಿನಲ್ಲಿ ಸಹ್ಯಾದ್ರಿಯ ಏಣು ಗೋಡೆಯಂತೆ ನಿಂತಿದೆ. ಜಾವಳಿಗೆ ಸಮೀಪದಲ್ಲಿ ಬಲ್ಲಾಳರಾಯನ ದುರ್ಗವೆಂಬ ಬೆಟ್ಟವುಂಟು. ಅದರ ನೆತ್ತಿಯಲ್ಲಿ ಹಾಳುಬಿದ್ದ ಕೋಟೆಯ ಕಲ್ಲುಗೋಡೆಗಳು ಇಂದಿಗೂ ಕಾಣಸಿಗುತ್ತವೆ. ಆ ನೆತ್ತಿಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ನೆಲವು ಒಮ್ಮೆಗೇ ಕೆಳಗಿಳಿದು, ದಕ್ಷಿಣ ಕನ್ನಡದ ಕಾಡುಗಳು ಆಳದಲ್ಲಿ ತೋರುವುವು. ಪೂರ್ವಕ್ಕೆ ನೋಡಿದರೆ ಗುಡ್ಡದ ಹಿಂದೆ ಗುಡ್ಡ, ಅವುಗಳ ಮಡಿಲಿನಲ್ಲಿ ತೋಟ, ಗದ್ದೆ, ಹೆಂಚಿನ ಮನೆ.

ಈ ಏಣಿನ ಮೇಲೆ ಬೀಳುವ ಮಳೆಯ ಹನಿಯ ಪ್ರಯಾಣವನ್ನು ನಮ್ಮ ಮಕ್ಕಳಿಗೆ ವಿವರಿಸಿ ಹೇಳಬೇಕು. ಪಶ್ಚಿಮಕ್ಕೆ ಜಾರಿದ ಹನಿಯು ಬಂಡಾಜೆ ಅಬ್ಬಿಯಲ್ಲಿ ಧುಮುಕಿ, ನೇತ್ರಾವತಿಯನ್ನು ಸೇರಿ, ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಕೂಡುವುದು. ಪೂರ್ವಕ್ಕೆ ಜಾರಿದ ಹನಿಯು ಹೇಮಾವತಿಯಾಗಿ ಸಕಲೇಶಪುರವನ್ನು ದಾಟಿ, ಗೊರೂರಿನಲ್ಲಿ ೧೯೭೯ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿಂದೆ ತಂಗಿ, ಹೊಳೆನರಸೀಪುರದ ಮೇಲೆ ಹಾಯ್ದು ಕಾವೇರಿಗೆ ಬೀಳುವುದು. ಇನ್ನೂ ಉತ್ತರಕ್ಕೆ, ಕಳಸದ ಕಡೆಯ ಇಳಿಜಾರಿನಲ್ಲಿ ಬಿದ್ದುದು ಭದ್ರೆಯ ಪಾಲು. ಅದು ಕೂಡಲಿಯಲ್ಲಿ ತುಂಗೆಯೊಡನೆ ಸೇರಿ, ತುಂಗಭದ್ರೆಯೆನಿಸಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಮುಟ್ಟುವುದು. ತುಂಗೆ, ಭದ್ರೆ, ನೇತ್ರಾವತಿ ಈ ಮೂವರ ಮೂಲವೂ ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿರುವುದೆಂದು ಪ್ರಸಿದ್ಧಿ. ಒಂದು ಏಣು, ಮೂರು ನದಿಗಳು, ಎರಡು ಸಮುದ್ರಗಳು. ಹೆಜ್ಜೆಯೊಂದರ ಅಂತರದಲ್ಲಿ ಬಿದ್ದ ಎರಡು ಹನಿಗಳು ದಕ್ಷಿಣ ಭಾರತದ ಎರಡು ತೀರಗಳನ್ನು ಸೇರುವುದೆಂದರೆ ಆಶ್ಚರ್ಯವಲ್ಲವೆ!

ಹಾಸನ, ತುಮಕೂರು, ಮಂಡ್ಯಗಳ ಹೊಲಗದ್ದೆಗಳು ಹೇಮಾವತಿಯ ನೀರನ್ನು ಕಾಣುತ್ತವೆ. ಬೆಂಗಳೂರಿನವರು ೧೯೭೪ರಿಂದ ಕಾವೇರಿಯ ನೀರನ್ನು ಕುಡಿಯುತ್ತಿರುವರು. ಆ ಕಾವೇರಿಯಲ್ಲಿ ಹೇಮಾವತಿಯ ಪಾಲೂ ಉಂಟು. ಆದುದರಿಂದ ಈ ಬೆಟ್ಟಗಳು ದೂರದ ಯಾವುದೋ ದೃಶ್ಯವೆಂದು ಬಗೆಯುವುದು ಸರಿಯಲ್ಲ. ಬಯಲಿನ ಮನೆಗಳ ಅಡುಗೆಯ ನೀರು ಮೊದಲು ಸಂಗ್ರಹವಾಗುವ ತೊಟ್ಟಿಯೇ ಇವು.

ಹುಲ್ಲು ಮತ್ತು ಶೋಲಾ

ಈ ತೊಟ್ಟಿಯು ನೀರನ್ನು ಹಿಡಿದಿಡುವ ಬಗೆಯನ್ನು ಸ್ವಲ್ಪ ತಿಳಿಯೋಣ. ಎತ್ತರದ ಬೆಟ್ಟಗಳ ನೆತ್ತಿಯ ಮೇಲೆ ಮರಗಳಿಲ್ಲ, ಬರಿಯ ಹುಲ್ಲು. ಎರಡು ಗುಡ್ಡಗಳು ಕೂಡುವ ಮಡಿಕೆಗಳಲ್ಲಿ ಮಾತ್ರ ಕುಳ್ಳಗೆ ಒತ್ತೊತ್ತಾಗಿ ಬೆಳೆದ ಕಾಡು. ಈ ಮಡಿಕೆಯ ಕಾಡಿಗೆ ಶೋಲಾ ಎಂದು ಹೆಸರು. ನೆತ್ತಿಯ ಹುಲ್ಲನ್ನು ಕಂಡು, ಇದು ಪಾಳುನೆಲವೆಂದು ತಿಳಿದು, ಪಶ್ಚಿಮಘಟ್ಟದ ಹಲವೆಡೆ ಅಕೇಶಿಯಾ ಮೊದಲಾದ ಹೊರನಾಡಿನ ಮರಗಳನ್ನು ನೆಟ್ಟ ಕಾಲವೂ ಇದ್ದಿತು. ಅದು ಪಾಳುನೆಲವಲ್ಲ. ಭೋರ್ಗರೆದು ಬೀಳುವ ಮಳೆಯ ಪೆಟ್ಟನ್ನು ಮೊದಲು ತಾಳುವುದು ಈ ಹುಲ್ಲೇ. ಅದರ ಬೇರಿನ ಜಾಲವು ಬಂಡೆಯ ಮೇಲಿನ ತೆಳುವಾದ ಮಣ್ಣನ್ನು ಹಿಡಿದಿಟ್ಟು, ನೀರು ಒಮ್ಮೆಗೇ ಓಡದಂತೆ ತಡೆದು, ಮೆಲ್ಲನೆ ಮಡಿಕೆಗೆ ಇಳಿಸುವುದು. ಅಲ್ಲಿ ಶೋಲಾದ ನೆಲದಲ್ಲಿ ವರ್ಷಗಟ್ಟಲೆ ಬಿದ್ದು ಕೊಳೆತ ತರಗೆಲೆಯು ಅರಳೆಯಂತೆ ನೀರನ್ನು ಹೀರಿಕೊಳ್ಳುವುದು. ಮಳೆಗಾಲದಲ್ಲಿ ಹೀಗೆ ಹೀರಿದುದನ್ನು ಚಳಿಗಾಲ ಬೇಸಗೆಗಳಲ್ಲಿ ಒರತೆಗಳ ಮೂಲಕ ಸ್ವಲ್ಪಸ್ವಲ್ಪವಾಗಿ ಹೊರಬಿಡುವುದು. ಏಪ್ರಿಲ್ ತಿಂಗಳಿನಲ್ಲಿಯೂ ಬೆಟ್ಟದ ಹಳ್ಳವು ಬತ್ತದೆ ಇದ್ದರೆ ಅದಕ್ಕೆ ಕಾರಣ ಆ ತಿಂಗಳ ಮಳೆಯಲ್ಲ, ಹಿಂದಿನ ಆಷಾಢದ ಮಳೆ.

ಹಿಂದಿನ ಮಲೆನಾಡಿನ ಮನೆಗಳಲ್ಲಿ ಬಾವಿಯಿಂದ ಸೇದುವ ಕಷ್ಟವಿಲ್ಲದೆ, ಮೇಲಿನ ಒರತೆಯಿಂದ ಅಡಿಕೆಯ ದಬ್ಬೆಗಳ ಮೂಲಕ ನೀರನ್ನು ಹಿತ್ತಲಿಗೆ ಹರಿಸಿಕೊಳ್ಳುತ್ತಿದ್ದರು. ಹಗಲಿರುಳೂ ಹರಿಯುವ ಈ ಅಬ್ಬಿಯ ನೀರಿನ ಕೆಳಗೆ ಕೊಡವನ್ನಿಟ್ಟು ಹೆಂಗಸರು ಬೇರೆ ಕೆಲಸಕ್ಕೆ ಹೋಗಬಹುದಾಗಿದ್ದಿತು. ದಬ್ಬೆಯ ಬದಲು ಈಗ ಕೊಳವೆ ಬಂದಿದೆ. ಒರತೆಯು ಉಳಿದಲ್ಲಿ ಮಾತ್ರ ಕೊಳವೆಗೂ ಬೆಲೆ.

ಈ ಕಾಡುಗಳಲ್ಲಿ ಸಿಂಗಳೀಕ, ಕೆಂದಳಿಲು, ಮಂಗಟ್ಟೆಹಕ್ಕಿ ಮೊದಲಾದ ಪ್ರಾಣಿಪಕ್ಷಿಗಳು ವಾಸಿಸುವುವು. ೧೯೮೭ರಲ್ಲಿ ಕುದುರೆಮುಖದ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ೨೦೧೨ರಲ್ಲಿ ಪಶ್ಚಿಮಘಟ್ಟದ ೩೯ ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಅದೂ ಅವುಗಳಲ್ಲೊಂದಾಯಿತು.

ಮಳೆಗಾಲದ ಸಂಸಾರ

ಜೂನ್ ತಿಂಗಳ ಮೊದಲಲ್ಲಿ ಮೃಗಶಿರ ಮಳೆ ಹಿಡಿದುದೆಂದರೆ, ಆರಿದ್ರಾ, ದೊಡ್ಡ ಪುಷ್ಯ, ಚಿಕ್ಕ ಪುಷ್ಯ, ಆಶ್ಲೇಷಗಳು ಮುಗಿಯುವವರೆಗೆ ಈ ಸೀಮೆಯಲ್ಲಿ ಸೂರ್ಯನ ಮುಖ ಕಾಣುವುದು ಅಪರೂಪ. ಘಟ್ಟದ ಅಂಚಿನ ಊರುಗಳಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಬಹಳ ಮೀರಿ ಮಳೆ ಸುರಿಯುವುದು. ಅಲ್ಲಿಂದ ನೂರು ಕಿಲೋಮೀಟರಿನೊಳಗಣ ಕಡೂರಿನ ಬಯಲಿಗೆ ಅದರ ಮೂರನೆಯ ಒಂದು ಪಾಲೂ ದಕ್ಕುವುದಿಲ್ಲ. ಸಮುದ್ರದಿಂದ ಬಂದ ಮೋಡವು ಗೋಡೆಯಂತಹ ಘಟ್ಟಕ್ಕೆ ತಗುಲಿ, ಮೇಲೇರಿ, ತಣ್ಣಗಾಗಿ, ತನ್ನ ಹೊರೆಯನ್ನೆಲ್ಲ ಅಲ್ಲಿಯೇ ಇಳಿಸಿಬಿಡುವುದೇ ಇದಕ್ಕೆ ಕಾರಣ.

ಮಳೆಗಾಲಕ್ಕೆ ಮುಂಚೆ ಮಲೆನಾಡಿನ ಗೃಹಿಣಿಯು ಮಾಡಿಕೊಳ್ಳುತ್ತಿದ್ದ ಸಿದ್ಧತೆಯು ನಮ್ಮ ಬಯಲಿನ ಗೃಹಿಣಿಯರಿಗೆ ಬೆರಗನ್ನುಂಟುಮಾಡೀತು. ಒಣಸೌದೆಯನ್ನು ಕೊಟ್ಟಿಗೆಯ ತುಂಬ ಒಟ್ಟಬೇಕು. ಹಲಸಿನ ಹಪ್ಪಳ, ಮಾವಿನ ಮಿಡಿಯ ಉಪ್ಪಿನಕಾಯಿ, ಉಪ್ಪು, ಮೆಣಸಿನಕಾಯಿ, ಬೆಲ್ಲಗಳನ್ನು ಬೇಸಗೆಯಲ್ಲಿಯೇ ಕೂಡಿಡಬೇಕು. ಒದ್ದೆ ಬಟ್ಟೆಯನ್ನು ಬಚ್ಚಲ ಒಲೆಯ ಮೇಲಣ ಅಟ್ಟದಲ್ಲಿ ಒಣಗಿಸಬೇಕು. ಗದ್ದೆಗೆ ಹೋಗುವವರಿಗೆ ಕಂಬಳಿಯ ಕೊಪ್ಪೆ, ಗೊರಬು. ಕೆಸುವಿನ ಎಲೆಯ ಪತ್ರೊಡೆ, ಕಳಲೆಯ ಪಲ್ಯ, ಕಾಡಿನ ಅಣಬೆ, ಬಿಸಿ ಕಡುಬು ಇವು ಆ ಕಾಲದ ಊಟ. ಮನೆಯ ಹೊರಗೆ ಹೆಜ್ಜೆಯಿಟ್ಟರೆ ಉಂಬಳಗಳು ಕಾಲಿಗೆ ಹತ್ತುವುವು. ಉಪ್ಪು, ಸುಣ್ಣ, ಹೊಗೆಸೊಪ್ಪು ಅದಕ್ಕೆ ಮನೆಯ ಮದ್ದು.

ಪ್ರವಾಸಿಗೆ ಅನುಕೂಲವಾದ ಕಾಲವೆಂದರೆ ಅಕ್ಟೋಬರದಿಂದ ಫೆಬ್ರುವರಿಯ ವರೆಗೆ. ಆಗ ಹಳ್ಳಗಳು ತುಂಬಿರುವುವು, ದಾರಿ ಒಣಗಿರುವುದು, ಆಕಾಶವು ತಿಳಿಯಾಗಿ ಇಪ್ಪತ್ತು ಸಾಲು ಬೆಟ್ಟಗಳು ಒಂದರ ಹಿಂದೊಂದು ಕಾಣುವುವು. ಬೇಸಗೆಯ ರಾತ್ರಿಗಳಲ್ಲಿಯೂ ಇಲ್ಲಿ ಹೊದಿಕೆ ಬೇಕು.

ಕಾಫಿಯ ಕಥೆ

ಈ ಜಿಲ್ಲೆಗೆ ಕಾಫಿ ಬಂದ ಕಥೆಯನ್ನು ಕೇಳದವರಿಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸೂಫಿ ಸಂತರು ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು, ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ಆ ಪರ್ವತಶ್ರೇಣಿಯಲ್ಲಿಯೇ ೧,೯೩೦ ಮೀಟರು ಎತ್ತರದ ಮುಳ್ಳಯ್ಯನಗಿರಿಯಿದೆ. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರವಾದ ಶಿಖರವಿಲ್ಲ. ಹಿತ್ತಲ ಬೆಳೆಯಾಗಿದ್ದ ಕಾಫಿಯು ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ತೋಟಗಳ ಬೆಳೆಯಾಗಿ ಮೂಡಿಗೆರೆ, ಮಂಜರಾಬಾದು, ಕೊಡಗುಗಳಲ್ಲಿ ಹರಡಿತು.

ಆಗ ಒಂದು ದೊಡ್ಡ ಗಂಡಾಂತರ ಬಂದಿತು. ೧೮೬೯ರಲ್ಲಿ ಸಿಂಹಳದ ತೋಟಗಳಲ್ಲಿ ಎಲೆತುಕ್ಕಿನ ರೋಗವು ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಅಲ್ಲಿಯ ಕಾಫಿಯನ್ನೆಲ್ಲ ಹಾಳುಮಾಡಿತು. ಸಿಂಹಳದವರು ಕಾಫಿಯನ್ನು ಬಿಟ್ಟು ಚಹಾವನ್ನು ಹಿಡಿದರು. ನಮ್ಮ ತೋಟಗಳಿಗೂ ಆ ರೋಗ ತಗುಲಿತು. ಆದರೂ ಇಲ್ಲಿ ಕಾಫಿ ಉಳಿಯಿತು. ರೋಗವನ್ನು ತಾಳುವ ತಳಿಗಳನ್ನು ಆರಿಸುವ ಕೆಲಸಕ್ಕಾಗಿ ೧೯೨೫ರಲ್ಲಿ ಮೈಸೂರು ಸಂಸ್ಥಾನವು ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಕ್ಷೇತ್ರವನ್ನು ಸ್ಥಾಪಿಸಿತು. ಅದೇ ಈಗಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ. ೧೯೪೨ರ ಕಾಯಿದೆಯಿಂದ ಕಾಫಿ ಮಂಡಲಿಗೆ ಕಾನೂನಿನ ಆಧಾರ ದೊರೆಯಿತು. ಇಂದು ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದು.

ನಮ್ಮ ಕಾಫಿಯ ವಿಶೇಷವು ಅದರ ನೆರಳಿನಲ್ಲಿದೆ. ಬೇರೆ ಹಲವು ದೇಶಗಳಲ್ಲಿ ಕಾಫಿಯನ್ನು ಬಿಸಿಲಿನ ಬಯಲಿನಲ್ಲಿಯೇ ಬೆಳೆಯುವರು. ಇಲ್ಲಿ ಹೊನ್ನೆ, ನಂದಿ, ಅತ್ತಿ, ಹಲಸು ಮೊದಲಾದ ಕಾಡಿನ ಮರಗಳನ್ನು ಉಳಿಸಿಕೊಂಡು, ಹಾಲುವಾಣವನ್ನು ನೆಟ್ಟು, ಅವುಗಳ ಜರಡಿನೆರಳಿನಲ್ಲಿ ಬೆಳೆಯುತ್ತಾರೆ. ಇದರಿಂದ ಮಣ್ಣು ತಂಪಾಗಿರುವುದು, ತರಗೆಲೆಯು ಗೊಬ್ಬರವಾಗುವುದು, ಹಕ್ಕಿಗಳಿಗೆ ನೆಲೆ ದೊರೆಯುವುದು, ಮರಕ್ಕೆ ಹಬ್ಬಿಸಿದ ಮೆಣಸಿನಿಂದ ಎರಡನೆಯ ಆದಾಯ ಬರುವುದು. ನೆರಳು ತೀರ ಕಡಿಮೆಯಾದ ತೋಟದಲ್ಲಿ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕದ ಕಾಟ ಹೆಚ್ಚೆಂಬುದು ಬೆಳೆಗಾರರೆಲ್ಲರ ಅನುಭವ. ತೋಟವು ಕಾಡಲ್ಲವಾದರೂ, ನೆರಳಿರುವ ತೋಟವು ಕಾಡಿನ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುವುದು. ಬೇಗ ಬೆಳೆದು ಹಣ ತರುವುದೆಂಬ ಕಾರಣದಿಂದ ಆಸ್ಟ್ರೇಲಿಯದ ಸಿಲ್ವರ್ ಓಕ್ ಮರಗಳು ಊರ ಮರಗಳ ಸ್ಥಾನವನ್ನು ಹಿಡಿಯುತ್ತಿರುವುದನ್ನು ಹಿರಿಯರು ಚಿಂತೆಯಿಂದ ನೋಡುತ್ತಾರೆ.

ಫೆಬ್ರುವರಿ ಕಳೆದು ಮಾರ್ಚಿ ಬಂದಿತೆಂದರೆ ಬೆಳೆಗಾರನ ಕಣ್ಣು ಆಕಾಶದ ಮೇಲೆ. ಆಗ ಒಂದು ಹದವಾದ ಹೂಮಳೆ ಬೀಳಬೇಕು. ಬಿದ್ದ ಎಂಟು ಹತ್ತು ದಿನಗಳಲ್ಲಿ ಗಿಡಗಳೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯನ್ನು ಹೋಲುವ ಪರಿಮಳವು ಊರಿಗೆ ಊರನ್ನೇ ತುಂಬುವುದು. ಮೂರು ನಾಲ್ಕು ದಿನಗಳಲ್ಲಿ ಹೂ ಬಾಡುವುದು. ಮಳೆ ತಪ್ಪಿದರೆ ವರ್ಷದ ಬೆಳೆ ತಪ್ಪಿತು. ರೊಬಸ್ಟಾ ತೋಟದವರು ನೀರು ಹಾಯಿಸಿಯಾದರೂ ಹೂವನ್ನು ಅರಳಿಸುವರು. ನವೆಂಬರಿನಿಂದ ಅರೇಬಿಕಾ, ಜನವರಿಯಿಂದ ರೊಬಸ್ಟಾ ಹಣ್ಣುಗಳ ಕೊಯ್ಲು. ಆಗ ತೋಟದ ಕಣದಲ್ಲಿ ಹಣ್ಣಿನ ತಿರುಳು ಬಿಡಿಸಿ, ತೊಳೆದು, ಬೀಜವನ್ನು ಬಿಸಿಲಿಗೆ ಹರಡುವುದನ್ನು ನೋಡಬಹುದು. ಈ ಕೊಯ್ಲಿನ ಹಿಂದೆ ಘಟ್ಟದ ಕೆಳಗಿನಿಂದಲೂ ತಮಿಳುನಾಡಿನಿಂದಲೂ, ಈಚೆಗೆ ಅಸ್ಸಾಮಿನಿಂದಲೂ ಬಂದ ಕೂಲಿಗಾರರ ದುಡಿಮೆಯುಂಟು. ತೋಟದ ಅಂದವನ್ನು ಹೊಗಳುವವರು ಲೈನಿನ ಮನೆಗಳಲ್ಲಿರುವ ಅವರನ್ನೂ ನೆನೆಯುವುದು ನ್ಯಾಯ. ಮೂಡಿಗೆರೆಯ ತೋಟದಲ್ಲಿ ನೆಲೆಸಿ, ೨೦೦೭ರಲ್ಲಿ ತೀರಿಕೊಂಡ ಶ್ರೀ ಪೂರ್ಣಚಂದ್ರ ತೇಜಸ್ವಿಯವರ ಬರಹಗಳನ್ನು ಓದಿ ಹೊರಟವರಿಗೆ ಈ ಸೀಮೆಯು ಮೊದಲ ನೋಟದಲ್ಲಿಯೇ ಪರಿಚಿತವೆನಿಸುವುದು.

ಹಿಂದಿನ ಅರಸರು, ಇಂದಿನ ಕ್ಷೇತ್ರಗಳು

ಬೇಲೂರು ಹಳೆಯಬೀಡುಗಳನ್ನು ನೋಡಿದವರು ಹೊಯ್ಸಳರು ಬಯಲಿನ ಅರಸರೆಂದು ತಿಳಿಯುವುದು ಸಹಜ. ಆದರೆ ಅವರು ಮಲೆಯಿಂದ ಇಳಿದು ಬಂದವರು. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಶಾಸನಗಳಲ್ಲಿ ಬರುವ ಸೊಸೆವೂರು, ಅವರ ಮೂಲಸ್ಥಾನ. ಗುರುಗಳ ಆಜ್ಞೆಯಂತೆ ಸಳನು ಹುಲಿಯನ್ನು ಹೊಡೆದನೆಂಬ ಕಥೆ ನಡೆದುದು ಅಲ್ಲಿಯ ವಾಸಂತಿಕೆಯ ಗುಡಿಯ ಬಳಿಯೆಂದು ಹೇಳುವರು. ವಾಸಂತಿಕಾ ದೇವಿಗೆ ಈಗಲೂ ಪೂಜೆ ನಡೆಯುತ್ತಿದೆ. ಸಮೀಪದಲ್ಲಿ ಹಳೆಯ ಜೈನಬಸದಿಗಳಿವೆ. 'ಮಲೆಪರೊಳ್ ಗಂಡ' ಎಂಬುದು ಹೊಯ್ಸಳರ ಬಿರುದು. ಮಲೆಯ ನಾಯಕರಲ್ಲಿ ಶೂರನೆಂದು ಅದರ ಅರ್ಥ. ಮಹಾರಾಜರಾದ ಮೇಲೂ ಅವರು ಈ ಬಿರುದನ್ನು ಬಿಡಲಿಲ್ಲ.

ಜಾವಳಿಯಿಂದ ಉತ್ತರಕ್ಕೆ ಹೋದರೆ, ಭದ್ರಾನದಿಯ ದಂಡೆಯ ಮೇಲೆ ಕಳಸ. ಈಗ ಅದು ಪ್ರತ್ಯೇಕ ತಾಲ್ಲೂಕು. ಶಿವಪಾರ್ವತಿಯರ ಮದುವೆಗೆಂದು ಲೋಕವೆಲ್ಲ ಉತ್ತರದಲ್ಲಿ ನೆರೆದಾಗ ಭೂಮಿಯು ಒಂದು ಕಡೆಗೆ ವಾಲಿತೆಂದೂ, ಅದನ್ನು ಸರಿದೂಗಿಸಲು ದಕ್ಷಿಣಕ್ಕೆ ಬಂದ ಅಗಸ್ತ್ಯರು ಇಲ್ಲಿಂದಲೇ ಆ ಮದುವೆಯನ್ನು ಕಂಡರೆಂದೂ ಸ್ಥಳಪುರಾಣ. ಕಲಶೇಶ್ವರ ದೇವಾಲಯದಲ್ಲಿ ಗಿರಿಜಾಕಲ್ಯಾಣದ ಉತ್ಸವವು ಇಂದಿಗೂ ನಡೆಯುವುದು. ಹದಿಮೂರನೆಯ ಶತಮಾನದ ಶಾಸನಗಳಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ಈ ಸೀಮೆಯನ್ನು ಆಳಿದ ಉಲ್ಲೇಖವಿರುವುದು ನಮ್ಮ ಸೋದರಿಯರಿಗೆ ಹೆಮ್ಮೆಯನ್ನುಂಟುಮಾಡದಿರದು. ಮುಂದೆ ಕಳಸವು ಭೈರರಸರ ಕೈಸೇರಿತು. ಘಟ್ಟದ ಮೇಲೆ ಕಳಸ, ಕೆಳಗೆ ಕಾರ್ಕಳ, ಇವೆರಡೂ ಅವರ ನೆಲೆಗಳು; ೧೪೩೨ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದವರೂ ಈ ವಂಶದವರೇ. ಜೈನ ಅರಸರು ಶಿವಾಲಯಕ್ಕೆ ದತ್ತಿ ಕೊಟ್ಟು ನಡೆಸಿದ ಸೀಮೆಯಿದು.

ಕಳಸದ ಬಳಿಯ ಅಂಬಾತೀರ್ಥದಲ್ಲಿ ಭದ್ರೆಯ ಬಂಡೆಗಳ ನಡುವೆ ಒಂದು ಭಾರಿಯ ಕಲ್ಲಿದೆ. ಶ್ರೀ ಮಧ್ವಾಚಾರ್ಯರು ಅದನ್ನು ಒಂದೇ ಕೈಯಿಂದ ತಂದು ಇರಿಸಿದರೆಂದು ಅದರ ಮೇಲಣ ಬರಹವು ಸಾರುತ್ತದೆ. ಅಲ್ಲಿಂದ ಅನತಿದೂರದಲ್ಲಿ ಹೊರನಾಡು; ಅನ್ನಪೂರ್ಣೇಶ್ವರಿಯ ಆ ಕ್ಷೇತ್ರದಲ್ಲಿ ಬಂದವರಿಗೆಲ್ಲ ಊಟವುಂಟು. ಮಳೆಗಾಲದಲ್ಲಿ ಭದ್ರೆ ಉಕ್ಕಿ, ಹೆಬ್ಬಾಳೆಯ ಸೇತುವೆ ಮುಳುಗಿ, ಕಳಸಕ್ಕೂ ಹೊರನಾಡಿಗೂ ಸಂಪರ್ಕ ತಪ್ಪಿದ ದಿನಗಳು ಎಷ್ಟೋ.

ಬೆಟ್ಟಕ್ಕೆ ಬಿದ್ದ ಪೆಟ್ಟು

ಇಷ್ಟನ್ನು ಹೇಳಿ ನಿಲ್ಲಿಸಿದರೆ ಲೇಖನವು ಸೊಗಸಾಗಿಯೇ ಮುಗಿದೀತು. ಆದರೆ ಸತ್ಯದ ಅರ್ಧವನ್ನು ಮಾತ್ರ ಹೇಳಿದಂತಾಗುವುದು.

ಕಳಸದ ಆಚೆ, ೧,೮೯೦ ಮೀಟರುಗಳಿಗೂ ಮಿಗಿಲಾದ ಕುದುರೆಮುಖದ ಮಗ್ಗುಲಲ್ಲಿ, ಕಬ್ಬಿಣದ ಅದಿರನ್ನು ತೆಗೆಯುವ ಸರ್ಕಾರಿ ಸಂಸ್ಥೆಯೊಂದು ೧೯೭೬ರಲ್ಲಿ ಸ್ಥಾಪಿತವಾಯಿತು. ಬೆಟ್ಟವನ್ನು ಕಡಿದು, ಅದಿರನ್ನು ಅರೆದು, ನೀರಿನೊಡನೆ ಬೆರೆಸಿ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಸಾವಿರಾರು ಸಂಸಾರಗಳಿಗೆ ಅದರಿಂದ ಅನ್ನ ದೊರೆಯಿತೆಂಬುದು ನಿಜ. ಆದರೆ ಮಳೆ ಇಷ್ಟು ಸುರಿಯುವ ಎಡೆಯಲ್ಲಿ ಹುಲ್ಲಿನ ಹೊದಿಕೆಯನ್ನು ಕಿತ್ತ ಮೇಲೆ ಮಣ್ಣು ನಿಲ್ಲುವುದೆಂತು? ಭದ್ರೆಯ ನೀರು ಹೂಳಿನಿಂದ ಕದಡಿತು. ಜನರು ಹೋರಾಡಿದರು, ಸರ್ವೋಚ್ಚ ನ್ಯಾಯಾಲಯವು ೨೦೦೨ರಲ್ಲಿ ತೀರ್ಪನ್ನಿತ್ತು, ೨೦೦೫ರ ಕೊನೆಗೆ ಗಣಿಗಾರಿಕೆ ನಿಂತಿತು. ನೌಕರರಿಗಾಗಿ ಕಟ್ಟಿದ ಊರು ಬಹುಮಟ್ಟಿಗೆ ಬರಿದಾಯಿತು.

ಎರಡನೆಯ ಪೆಟ್ಟು ಇನ್ನೂ ಈಚಿನದು. ೨೦೧೯ರ ಆಗಸ್ಟಿನಲ್ಲಿ ಕೆಲವೇ ದಿನಗಳಲ್ಲಿ ಸುರಿದ ಅತಿವೃಷ್ಟಿಗೆ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಹಲವೆಡೆ ಕುಸಿದವು. ಮಲೆಮನೆ, ಮಧುಗುಂಡಿ ಮೊದಲಾದ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬಾಳಿದ ಮನೆಗಳು, ತೋಟಗಳು, ಗದ್ದೆಗಳು ಕೆಸರಿನಡಿ ಹೂತುಹೋದವು. ಚಾರ್ಮಾಡಿಯ ರಸ್ತೆಯು ಕುಸಿದು ತಿಂಗಳುಗಟ್ಟಲೆ ವಾಹನಸಂಚಾರಕ್ಕೆ ಅಡ್ಡಿಯಾಯಿತು. ಹೇಮಾವತಿಯ ತವರಿನ ನೆರೆಹೊರೆಯವರೇ ನೆಲೆ ತಪ್ಪಿದರು. ಮಳೆಯು ಹೆಚ್ಚಾದುದು ಒಂದು ಕಾರಣ. ಇಳಿಜಾರನ್ನು ಅಡ್ಡಲಾಗಿ ಕಡಿದು ರಸ್ತೆ, ಮನೆ, ವಸತಿಗೃಹಗಳಿಗಾಗಿ ಮಟ್ಟಮಾಡುವುದು ಇನ್ನೊಂದು ಕಾರಣವೆಂದು ಬಲ್ಲವರು ಎಚ್ಚರಿಸುತ್ತಾರೆ. ಬುಡವನ್ನು ಕಡಿದರೆ ತುದಿಯು ಜಾರುವುದೆಂಬುದಕ್ಕೆ ದೊಡ್ಡ ವಿದ್ಯೆಯೇನೂ ಬೇಡ.

ಇದಲ್ಲದೆ, ಕೂಲಿ ಸಾಲದೆ, ಲಾಭವಿಲ್ಲದೆ, ಕಣಿವೆಯ ಭತ್ತದ ಗದ್ದೆಗಳು ಬೀಳುಬೀಳುತ್ತಿವೆ; ಮಳೆಯ ನೀರನ್ನು ತಿಂಗಳುಗಟ್ಟಲೆ ಒಡಲಲ್ಲಿಟ್ಟುಕೊಂಡು ಬಾವಿಗಳನ್ನು ತುಂಬುತ್ತಿದ್ದವು ಆ ಗದ್ದೆಗಳು. ಅಡಿಕೆಗೆ ಹಳದಿ ಎಲೆಯ ರೋಗ ತಗುಲಿದೆ. ಕಾಡಾನೆಗಳು ತೋಟಗಳಿಗೆ ಇಳಿದು, ಪ್ರಾಣಹಾನಿಯೂ ಆಗಿದೆ. ಮಲೆನಾಡಿನವರು ಸುಖವಾಗಿ ಮಂಜಿನಲ್ಲಿ ಕುಳಿತಿರುವರೆಂದು ಬಯಲಿನವರು ಭಾವಿಸುವುದು ತಪ್ಪು.

ಪ್ರವಾಸಿಗೆ ಕೆಲವು ಮಾತು

ಹಾಗೆಂದು ಯಾರೂ ಹೋಗಬಾರದೆಂದು ನಮ್ಮ ಅಭಿಪ್ರಾಯವಲ್ಲ. ಹೋಗಬೇಕು, ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ಆದರೆ ತವರುಮನೆಗೆ ಹೋದ ಮಗಳು ಹೇಗೆ ನಡೆದುಕೊಳ್ಳುವಳೋ ಹಾಗೆ ನಡೆದುಕೊಳ್ಳಬೇಕು. ಅವಳು ಅಲ್ಲಿ ಹಕ್ಕಿನಿಂದ ಉಣ್ಣುವಳು. ಹೊರಡುವಾಗ ಅಂಗಳವನ್ನು ಕೆಡಿಸಿ ಹೊರಡುವುದಿಲ್ಲ.

ಮೊದಲನೆಯದಾಗಿ, ಭಾರಿ ಮಳೆಯ ಎಚ್ಚರಿಕೆಯಿರುವ ದಿನಗಳಲ್ಲಿ ಘಟ್ಟದ ದಾರಿಯನ್ನು ಹಿಡಿಯಬಾರದು. ಜಲಪಾತದ ಬಂಡೆಗಳ ಮೇಲೆ ಹಾವಸೆ ಬೆಳೆದಿರುವುದು. ಅವುಗಳನ್ನು ಏರಿ ಪ್ರಾಣ ಕಳೆದುಕೊಂಡವರುಂಟು. ಎರಡನೆಯದಾಗಿ, ಕುದುರೆಮುಖ, ಬಲ್ಲಾಳರಾಯನ ದುರ್ಗ ಮೊದಲಾದ ಬೆಟ್ಟಗಳನ್ನು ಹತ್ತುವವರು ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದು, ದಾರಿ ಬಲ್ಲವರೊಡನೆ ಹೋಗಬೇಕು. ಮೂರನೆಯದಾಗಿ, ಬೇಸಗೆಯಲ್ಲಿ ಒಣಹುಲ್ಲಿಗೆ ಒಂದು ಕಿಡಿ ಸಾಕು. ಬೆಂಕಿಯ ವಿಷಯದಲ್ಲಿ ಎಚ್ಚರವಿರಲಿ. ಮಲೆನಾಡಿನ ಕೆಲವು ಕಾಡುಗಳಲ್ಲಿ ಉಣ್ಣೆಗಳಿಂದ ಮಂಗನ ಕಾಯಿಲೆ ಹರಡುವುದುಂಟು; ಚಳಿಗಾಲ ಬೇಸಗೆಗಳಲ್ಲಿ ಕಾಡು ಹೊಕ್ಕು ಬಂದವರು ಮೈಯನ್ನು ಚೆನ್ನಾಗಿ ನೋಡಿಕೊಂಡು, ಬಿಸಿನೀರಿನಲ್ಲಿ ಮೀಯಬೇಕು. ನಾಲ್ಕನೆಯದಾಗಿ, ಪ್ಲಾಸ್ಟಿಕ್ ಸೀಸೆ ಪೊಟ್ಟಣಗಳನ್ನು ಅಲ್ಲಿ ಎಸೆಯದೆ ಹಿಂದಕ್ಕೆ ತರಬೇಕು. ಹಳ್ಳದ ದಡದಲ್ಲಿ ಎಸೆದುದು ನಮ್ಮ ಕುಡಿಯುವ ನೀರಿಗೇ ಎಸೆದಂತೆ. ಕೊನೆಯದಾಗಿ, ಇಳಿಜಾರನ್ನು ಬಗೆದು ಕಟ್ಟಿದ ಭಾರಿ ವಸತಿಗೃಹಕ್ಕಿಂತ, ಊರಿನವರೇ ತಮ್ಮ ಮನೆಯಲ್ಲಿ ನಡೆಸುವ ಸಣ್ಣ ತಂಗುದಾಣವನ್ನು ಆರಿಸುವುದು ಮೇಲು. ಅಲ್ಲಿ ಕಡುಬಿನ ಊಟದೊಡನೆ ಮಲೆಯ ಸುಖದುಃಖಗಳ ಮಾತೂ ದೊರೆಯುವುದು.

ಸಂಸಾರಸಮೇತರಾಗಿ ಮೂರು ದಿನಗಳ ಬಿಡುವು ಮಾಡಿಕೊಂಡವರು ಮೊದಲನೆಯ ದಿನ ಅಂಗಡಿಯನ್ನೂ ಮೂಡಿಗೆರೆಯ ತೋಟಗಳನ್ನೂ, ಎರಡನೆಯ ದಿನ ಕೊಟ್ಟ��ಗೆಹಾರದ ಮೂಲಕ ಜಾವಳಿಯನ್ನೂ, ಮೂರನೆಯ ದಿನ ಕಳಸ ಹೊರನಾಡುಗಳನ್ನೂ ನೋಡಿ ಬರಬಹುದು. ಜಾವಳಿಯಲ್ಲಿ ನೋಡುವುದಕ್ಕೆ ಬಹಳವೇನೂ ಇಲ್ಲ. ಒಂದಿಷ್ಟು ತಿಳಿನೀರು, ಅಷ್ಟೆ. ಆ ನೀರನ್ನು ಮಕ್ಕಳಿಗೆ ತೋರಿಸಿ, ಗೊರೂರಿನ ಅಣೆಕಟ್ಟಿನಲ್ಲಿ ನಿಂತಿರುವುದೂ ಮಂಡ್ಯದ ಗದ್ದೆಯಲ್ಲಿ ಹರಿಯುವುದೂ ಮನೆಯ ನಲ್ಲಿಯಲ್ಲಿ ಬರುವುದೂ ಇದರ ಪಾಲೇ ಎಂದು ಹೇಳಿದರೆ, ಮುಂದೆ ಬೆಟ್ಟದ ಹುಲ್ಲನ್ನೂ ಕಾಡನ್ನೂ ಅಲ್ಲಿಯ ಜನರನ್ನೂ ಕಾಪಾಡಬೇಕೆಂಬ ಮಾತು ಬಂದಾಗ ಅದು ತಮ್ಮ ಮನೆಯ ಮಾತೇ ಎಂದು ಅವರಿಗೆ ತೋರೀತು. ಹಾಗೆ ತೋರಿದಲ್ಲಿ ಅವರ ಪ್ರವಾಸವು ಸಾರ್ಥಕವೆಂದು ನಾವು ತಿಳಿಯುತ್ತೇವೆ.